ಗೆಳೆತನ ಕೆಡದ ಹಾಗೆ ಸುವಾರ್ತೆ ಹಂಚಿಕೊಳ್ಳುವುದು ಹೇಗೆ?

“ಪಕ್ಕದ ಮನೆಯವರ ಜೊತೆ ಹತ್ತು ವರ್ಷದ ಒಡನಾಟ. ಯೇಸುವಿನ ಬಗ್ಗೆ ಇಲ್ಲಿಯವರೆಗೆ ಒಂದು ಮಾತೂ ಆಡಿಲ್ಲ. ಈಗ ಹೇಗೆ ಶುರು ಮಾಡಲಿ?” ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ನನ್ನ ಹತ್ತಿರ ಬರುತ್ತಲೇ ಇರುತ್ತದೆ. ಪಕ್ಕದ ಮನೆಯವರ ಬದಲು ಆಫೀಸಿನ ಗೆಳತಿ ಇರುತ್ತಾಳೆ, ಕಾಲೇಜಿನ ರೂಮ್‌ಮೇಟ್ ಇರುತ್ತಾನೆ, ಕೆಲವೊಮ್ಮೆ ಸ್ವಂತ ತಮ್ಮನೇ ಇರುತ್ತಾನೆ. ಕೇಳುವವರಲ್ಲಿ ಪಾಸ್ಟರ್‌ಗಳು ಕಡಿಮೆ. ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಬಂದು ಸೋಮವಾರ ಕೆಲಸಕ್ಕೆ ಹೋಗುವ ವಿಶ್ವಾಸಿಗಳೇ ಜಾಸ್ತಿ. ಮಾತಾಡಿದರೆ ಸ್ನೇಹ ಹಾಳಾಗುತ್ತದೇನೋ ಅನ್ನುವ ಭಯ ಒಂದು ಕಡೆ. ಮಾತಾಡದೇ ಇದ್ದರೆ ಏನನ್ನೋ ಬಚ್ಚಿಟ್ಟುಕೊಂಡ ಹಾಗೆ ಅನ್ನುವ ಚುಚ್ಚು ಇನ್ನೊಂದು ಕಡೆ.

ಬಿಡಿಬಿಡಿಯಾಗಿ ಹೇಳುತ್ತಾ ಬಂದದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವೊಬ್ಬರೇ ಮಾಡಬಹುದು. ಸಭೆಯಾಗಿ ಮಾಡಿದರೆ ಇನ್ನೂ ಒಳ್ಳೆಯದು.

ಮೂರು ಪದಗಳನ್ನು ಮೊದಲೇ ಬಿಡಿಸಿಬಿಡೋಣ. ಸುವಾರ್ತೆ ಅಂದರೆ ಒಳ್ಳೆಯ ಸುದ್ದಿ. ಯೇಸು ಕ್ರಿಸ್ತನು ನಮಗೋಸ್ಕರ ಸತ್ತು ಮತ್ತೆ ಎದ್ದುಬಂದ, ಆತನ ಮೂಲಕ ದೇವರು ನಮ್ಮನ್ನು ಕ್ಷಮಿಸಿ ಹತ್ತಿರ ಸೇರಿಸಿಕೊಳ್ಳುತ್ತಾನೆ ಅನ್ನುವ ಸುದ್ದಿ. ಸಾಕ್ಷಿ ಅಂದರೆ ಆ ಸುದ್ದಿ ನಿಮ್ಮ ಬದುಕಿನಲ್ಲಿ ಏನು ಮಾಡಿತು ಅನ್ನುವುದನ್ನು ನೀವೇ ಹೇಳುವುದು. ಕೋರ್ಟಿನ ಸಾಕ್ಷಿ ಇದ್ದ ಹಾಗೇ: ಕಂಡದ್ದನ್ನು ಹೇಳಬೇಕು, ವಾದ ಮಾಡುವುದು ವಕೀಲರ ಕೆಲಸ. ಮೂರನೆಯದು ಓಯ್ಕೊಸ್. ಇದು ಗ್ರೀಕ್ ಪದ. ಹೊಸ ಒಡಂಬಡಿಕೆಯಲ್ಲಿ ‘ಮನೆ’, ‘ಮನೆಯವರು’ ಅನ್ನುವ ಅರ್ಥದಲ್ಲಿ ಬರುತ್ತದೆ. ಆ ಕಾಲದ ಮನೆ ಅಂದರೆ ಗಂಡ, ಹೆಂಡತಿ, ಮಕ್ಕಳ ಜೊತೆ ಕೆಲಸದವರು, ಆಶ್ರಯದಲ್ಲಿದ್ದವರು ಎಲ್ಲ ಸೇರಿದ ಬಳಗ. ತರಬೇತಿಗಳಲ್ಲಿ ಈ ಪದ ಕಿವಿಗೆ ಬಿದ್ದರೆ ಗಾಬರಿ ಬೇಡ, ‘ನನ್ನ ಬಳಗ’ ಅಂತ ಅರ್ಥ ಮಾಡಿಕೊಳ್ಳಿ.

ಬಳಗದ ದಾರಿ ಹೊಸದೇನಲ್ಲ. ಯೇಸುವಿನ ಮೊದಲ ಶಿಷ್ಯರಲ್ಲಿ ಒಬ್ಬನಾದ ಅಂದ್ರೆಯ ಯೇಸುವನ್ನು ಕಂಡ ಮೇಲೆ ಮೊದಲು ಹುಡುಕಿಕೊಂಡು ಹೋದದ್ದು ಒಡಹುಟ್ಟಿದ ಸೀಮೋನನನ್ನು. ಲೇವಿ ಮನೆಯಲ್ಲಿ ದೊಡ್ಡ ಔತಣ ಮಾಡಿ, ತನ್ನ ಹಾಗೇ ಸುಂಕ ವಸೂಲಿ ಮಾಡುತ್ತಿದ್ದವರನ್ನು ಕರೆದ. ಶಿಷ್ಯ ಪೇತ್ರ ಬರುವ ಹೊತ್ತಿಗೆ ರೋಮನ್ ಸೇನಾಧಿಕಾರಿ ಕೊರ್ನೇಲ್ಯ ನೆಂಟರನ್ನೂ ಆಪ್ತ ಗೆಳೆಯರನ್ನೂ ಮನೆ ತುಂಬ ಸೇರಿಸಿಟ್ಟಿದ್ದ. ದೆವ್ವ ಬಿಟ್ಟು ಗುಣವಾದ ಮನುಷ್ಯ “ನಿನ್ನ ಜೊತೆ ಬರ್ತೀನಿ” ಅಂತ ಬೇಡಿಕೊಂಡರೂ ಯೇಸು ಒಪ್ಪಲಿಲ್ಲ. ನಿನ್ನ ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದ (ಮಾರ್ಕ 5:19). ಇಲ್ಲೆಲ್ಲ ಸುದ್ದಿ ಹರಿದದ್ದು ಮೊದಲೇ ಇದ್ದ ಸಂಬಂಧದ ಕಾಲುವೆಯಲ್ಲಿ.

ಶುರು ಮಾಡುವ ಮುಂಚೆ: ಸ್ನೇಹ ಗಾಳವಾಗಬಾರದು

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುತ್ತೀರಿ ಅಂದರೆ ಇದನ್ನು ಓದಿ. ನಿಮಗೆ ನೀವೇ ಹೀಗೆ ಕೇಳಿಕೊಳ್ಳಿ: ಈ ಗೆಳೆಯ ಸಾಯುವವರೆಗೂ ಸಭೆಯ ಮೆಟ್ಟಿಲು ಹತ್ತುವುದಿಲ್ಲ ಅಂತ ಇವತ್ತೇ ಗೊತ್ತಾದರೆ, ನಾಳೆ ಅವನಿಗೆ ಫೋನ್ ಮಾಡುತ್ತೀನಾ? ಉತ್ತರ ‘ಇಲ್ಲ’ ಅಂತಾದರೆ ಅದು ಸ್ನೇಹವಲ್ಲ, ಗಾಳ. ಮೀನಿಗೆ ಗಾಳ ಕಾಣದೇ ಇರಬಹುದು, ಮನುಷ್ಯರಿಗೆ ಕಂಡೇ ಕಾಣುತ್ತದೆ.

ಇದನ್ನು ಕಲಿಯಲು ನನಗೆ ಒಬ್ಬ ಗೆಳೆಯನನ್ನು ಕಳೆದುಕೊಳ್ಳಬೇಕಾಯಿತು. ಜೊತೆಗೆ ಕೆಲಸ ಮಾಡುತ್ತಿದ್ದವನು. ಮೂರು ಸಲ ಸಭೆಗೆ ಕರೆದೆ, ಮೂರು ಸಲವೂ ನಯವಾಗಿ ಬೇಡ ಅಂದ. ನಾಲ್ಕನೇ ಸಲ ಕರೆಯಲಿಲ್ಲ. ಸಭೆಗಷ್ಟೇ ಅಲ್ಲ, ಊಟಕ್ಕೂ ಕರೆಯಲಿಲ್ಲ. ನಾನು ಬೇಕಂತ ಮಾಡಿದ್ದಲ್ಲ, ಕಾಲು ತಾನಾಗಿಯೇ ಬೇರೆ ಕಡೆ ತಿರುಗಿತ್ತು. ತಿಂಗಳಾದ ಮೇಲೆ ಅವನೇ ಕೇಳಿದ: “ಬರಲ್ಲ ಅಂದಿದ್ದಕ್ಕೆ ನಾನು ಬೇಡವಾದ್ನಾ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಏನೇನು ಬೇಕು?

ಜಾಸ್ತಿ ಏನಿಲ್ಲ. ಒಂದು ಚಿಕ್ಕ ನೋಟ್‌ಬುಕ್. ವಾರಕ್ಕೆ ಒಂದು ಖಾಲಿ ಸಂಜೆ. ಜೊತೆಗೆ ಪ್ರಾರ್ಥನೆ ಮಾಡುವ, ತಪ್ಪಿದಾಗ ಮುಖಕ್ಕೇ ಹೇಳುವ ಸಭೆಯ ಒಬ್ಬ ಜೊತೆಗಾರ. ಕಡಿಮೆ ಅಂದರೂ ಒಂದು ವರ್ಷದ ತಾಳ್ಮೆ. ಕರಪತ್ರ, ಬ್ಯಾನರ್, ಮೈಕು ಯಾವುದೂ ಬೇಡ. ಹಣ ಕೂಡ ಹೆಚ್ಚುಕಡಿಮೆ ಬೇಕಾಗುವುದಿಲ್ಲ. ಬಜೆಟ್ ಕೇಳುವ ‘ಸ್ನೇಹ ಯೋಜನೆ’ ಕಂಡರೆ ನನಗೆ ಮೊದಲು ಅನುಮಾನವೇ ಬರುತ್ತದೆ.

ಹೆಜ್ಜೆ 1: ಕ್ಯಾಲೆಂಡರ್ ಖಾಲಿ ಮಾಡಿ

ಹೆಚ್ಚಿನ ಸಭೆಗಳು ಎಡವುವುದು ಇಲ್ಲೇ. ಮಂಗಳವಾರ ಪ್ರಾರ್ಥನಾ ಕೂಟ, ಬುಧವಾರ ಗಾಯನ ತಂಡದ ಅಭ್ಯಾಸ, ಗುರುವಾರ ಸತ್ಯವೇದ ಅಧ್ಯಯನ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಯುವಜನರ ಕೂಟ. ಭಾನುವಾರ ಇದ್ದೇ ಇದೆ. ಇಷ್ಟರಲ್ಲಿ ಪಕ್ಕದ ಮನೆಯವರ ಜೊತೆ ಹತ್ತು ನಿಮಿಷ ಕೂರುವುದು ಯಾವಾಗ? ಹೊಸದಾಗಿ ನಂಬಿದವರಿಗೆ ಹೊರಗಿನ ಗೆಳೆಯರು ತುಂಬಾ ಜನ ಇರುತ್ತಾರೆ, ಹಳೆಯ ವಿಶ್ವಾಸಿಗಳಿಗೆ ಒಬ್ಬರೂ ಇರುವುದಿಲ್ಲ. ಆ ಗೆಳೆಯರು ಎಲ್ಲಿ ಹೋದರು? ನಮ್ಮ ಕಾರ್ಯಕ್ರಮಗಳೇ ಅವರನ್ನು ಒಬ್ಬೊಬ್ಬರಾಗಿ ನುಂಗಿದವು.

ನೀವು ಸಭೆಯ ನಾಯಕರಾಗಿದ್ದರೆ ಒಂದು ಕೂಟವನ್ನು ನಿಲ್ಲಿಸಿ, ಇಲ್ಲವೇ ಎರಡನ್ನು ಸೇರಿಸಿ ಒಂದು ಮಾಡಿ. “ಈ ಸಂಜೆ ಸಭೆಗೆ ಬರಬೇಡಿ, ಹೊರಗಿನ ಯಾರ ಜೊತೆಗಾದರೂ ಕಳೆಯಿರಿ” ಅಂತ ಪುಲ್ಪಿಟ್‌ನಿಂದಲೇ ಹೇಳಿ. ನಾಯಕರ ಬಾಯಿಂದ ಬರದೇ ಇದ್ದರೆ ಜನಕ್ಕೆ ತಪ್ಪಿತಸ್ಥ ಭಾವನೆ ಹೋಗುವುದಿಲ್ಲ. ನೀವು ನಾಯಕರಲ್ಲದಿದ್ದರೆ ನಿಮ್ಮ ಒಂದು ಜವಾಬ್ದಾರಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಿ. ಸುಮ್ನೆ ಕಾಣೆಯಾಗಬೇಡಿ, ಪಾಸ್ಟರ್‌ಗೆ ಕಾರಣ ಹೇಳಿ.

ಹೆಜ್ಜೆ 2: ಹೆಸರು ಬರೆಯಿರಿ

ನೋಟ್‌ಬುಕ್ಕಿನ ಒಂದು ಪುಟದ ನಡುವೆ ನಿಮ್ಮ ಹೆಸರು ಬರೆಯಿರಿ. ಸುತ್ತ ನಾಲ್ಕು ಗುಂಪು: ಮನೆಯವರು ಮತ್ತು ನೆಂಟರು, ಅಕ್ಕಪಕ್ಕದವರು, ಕೆಲಸ ಅಥವಾ ಓದಿನ ಜಾಗದವರು, ಆಟ-ಹವ್ಯಾಸದ ಜೊತೆಗಾರರು. ನೆನಪಾದ ಹೆಸರನ್ನೆಲ್ಲ ಬರೆಯಿರಿ. ಹೆಸರೇ ಗೊತ್ತಿಲ್ಲದವರು ಸಿಗುತ್ತಾರೆ, ‘ಮೂರನೇ ಮಹಡಿಯ ಅಜ್ಜಿ’ ಅನ್ನುವ ಹಾಗೆ. ಅದನ್ನೂ ಬರೆಯಿರಿ. ಅಜ್ಜಿಯ ಹೆಸರು ತಿಳಿದುಕೊಳ್ಳುವುದೇ ನಿಮ್ಮ ಮೊದಲ ಕೆಲಸ.

ಈಗ ಪಟ್ಟಿಯನ್ನು ಮೂರರಿಂದ ಐದು ಹೆಸರಿಗೆ ಇಳಿಸಿ. ಹೇಗೆ ಆರಿಸುವುದು? ವಾರದಲ್ಲಿ ಒಮ್ಮೆಯಾದರೂ ಸಹಜವಾಗಿ ಎದುರಾಗುವವರು. ನಿಮ್ಮ ಜೊತೆ ಮಾತಾಡಲು ಅವರಿಗೂ ಇಷ್ಟ ಇರುವವರು. ಯೇಸು ಶಿಷ್ಯರನ್ನು ಕಳಿಸುವಾಗ ಮನೆಯಿಂದ ಮನೆಗೆ ಅಲೆಯಬೇಡಿ, ಬರಮಾಡಿಕೊಂಡ ಮನೆಯಲ್ಲೇ ಇರಿ ಅಂದದ್ದು (ಲೂಕ 10:7) ನೆನಪಿರಲಿ. ಐವತ್ತು ಜನರ ಹಿಂದೆ ಓಡಿದರೆ ಐವತ್ತು ಅರೆಬರೆ ಪರಿಚಯ ಉಳಿಯುತ್ತದೆ, ಅಷ್ಟೇ.

ಎಚ್ಚರ: ಈ ಪಟ್ಟಿ ನಿಮಗೂ ನಿಮ್ಮ ಜೊತೆಗಾರನಿಗೂ ಬಿಟ್ಟು ಇನ್ಯಾರಿಗೂ ಸಿಗಬಾರದು. ಸಭೆಯ ಗೋಡೆಗೆ ಅಂಟಿಸುವುದು, ವಾಟ್ಸಾಪ್ ಗ್ರೂಪಿಗೆ ಹಾಕುವುದು, “ಇವರಿಗಾಗಿ ಪ್ರಾರ್ಥಿಸಿ, ಗಂಡ ಹೆಂಡತಿ ಜಗಳ” ಅಂತ ಮೈಕಿನಲ್ಲಿ ಹೇಳುವುದು ಪೂರ್ತಿ ತಪ್ಪು. ಅವರು ನಿಮ್ಮನ್ನು ನಂಬಿ ಹೇಳಿದ್ದನ್ನು ನೀವು ಪ್ರಾರ್ಥನೆಯ ಹೆಸರಿನಲ್ಲಿ ಹಂಚಿದರೂ ಅದು ಚಾಡಿಯೇ.

ಹೆಜ್ಜೆ 3: ಪ್ರಾರ್ಥನೆ, ದಿನಕ್ಕೆ ಎರಡು ನಿಮಿಷ

ಒಂದೊಂದು ಹೆಸರು ಹೇಳಿ ಪ್ರಾರ್ಥಿಸಿ. ಮತಾಂತರದ ಬೇಡಿಕೆಯಿಂದಲೇ ಶುರು ಮಾಡಬೇಡಿ. ಅವರ ಆರೋಗ್ಯ, ಮಕ್ಕಳ ಪರೀಕ್ಷೆ, ಸಿಗದ ನಿದ್ದೆ, ಇವೆಲ್ಲ ಬರಲಿ. ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆಯುತ್ತಾ, ವಾಕ್ಯಕ್ಕೆ ದೇವರು ಬಾಗಿಲು ತೆರೆಯುವಂತೆ ಪ್ರಾರ್ಥಿಸಿ ಅಂತ ಕೇಳಿಕೊಂಡ (ಕೊಲೊಸ್ಸೆ 4:3). ಬಾಗಿಲು ಒದೆಯುವ ಶಕ್ತಿ ಕೊಡು ಅಂತ ಕೇಳಲಿಲ್ಲ, ಅಲ್ವಾ?

ಹೆಜ್ಜೆ 4: ಒಡನಾಡಿ, ಸಹಾಯ ಕೇಳಿ, ಕೇಳಿಸಿಕೊಳ್ಳಿ

ಇದೇ ಉದ್ದನೆಯ ಹೆಜ್ಜೆ. ತಿಂಗಳುಗಳು ಬೇಕು, ಕೆಲವರ ಜೊತೆ ವರ್ಷಗಳು. ಹೊಸದಾಗಿ ಏನನ್ನೂ ಕಟ್ಟಬೇಡಿ. ನೀವು ಹೇಗೂ ಮಾಡುವ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳಿ. ನಡೆಯಲು ಹೋಗುವಾಗ ಜೊತೆಗೆ ಕರೆಯಿರಿ. ಒಂದೇ ಬಸ್ಸಿಗೆ ಕಾಯುತ್ತಿದ್ದರೆ ಫೋನು ಜೇಬಿಗಿಡಿ.

ಕ್ರೈಸ್ತರಾದ ನಮಗೆ ಒಂದು ಚಟ ಇದೆ. ಯಾವಾಗಲೂ ಕೊಡುವವರೇ ಆಗಿರಬೇಕು. ಸಹಾಯ ಮಾಡುತ್ತೇವೆ, ಸಲಹೆ ಕೊಡುತ್ತೇವೆ, ಪ್ರಾರ್ಥಿಸುತ್ತೇವೆ. ಎದುರಿನವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹೀಗಾದರೆ ಅವರು ಎಂದೆಂದಿಗೂ ಋಣದಲ್ಲೇ ಇರುತ್ತಾರೆ, ಸರಿಸಮನಾಗಿ ಕೂರಲು ಆಗುವುದೇ ಇಲ್ಲ. ಬೈಬಲ್ಲಿನಲ್ಲಿ ಯೋಹಾನ 4ನೇ ಅಧ್ಯಾಯ ತೆಗೆದು ನೋಡಿ. ಬಾವಿಯ ಹತ್ತಿರ ಯೇಸು ಸಮಾರ್ಯದ ಹೆಂಗಸಿಗೆ ಮೊದಲು ಹೇಳಿದ್ದು ಬೋಧನೆಯಲ್ಲ, ಕುಡಿಯಲು ನೀರು ಕೊಡು ಅನ್ನುವ ಕೋರಿಕೆ. ಆತನಿಗೆ ನಿಜವಾಗಿ ಬಾಯಾರಿತ್ತು, ಸೇದುವುದಕ್ಕೆ ಏನೂ ಇರಲಿಲ್ಲ. ಕೊಡುವ ಸ್ಥಾನದಲ್ಲಿ ಅವಳಿದ್ದಳು. ನೀವೂ ಏಣಿ ಎರವಲು ಕೇಳಿ. ಮಗನಿಗೆ ಗಣಿತ ಹೇಳಿಕೊಡ್ತೀರಾ ಅಂತ ಕೇಳಿ. ಸುಳ್ಳು ನೆಪ ಹುಡುಕಬೇಡಿ, ನಿಜವಾಗಿ ಬೇಕಿರುವುದನ್ನು ಕೇಳಿ.

ಕೇಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ಒಂದು ಚಿಕ್ಕ ಅಭ್ಯಾಸ ಹೇಳುತ್ತೇನೆ. ಅವರು ಏನಾದರೂ ಹೇಳಿದಾಗ “ನನಗೂ ಹೀಗೇ ಆಗಿತ್ತು” ಅಂತ ಶುರು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ. “ಆಮೇಲೆ ಏನಾಯ್ತು?” ಒಂದು. “ಆಗ ನಿಮಗೆ ಹೇಗನಿಸ್ತು?” ಇನ್ನೊಂದು. ಮನೆಗೆ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ: ‘ಗುರುವಾರ ಅಪ್ಪನ ಕಣ್ಣಿನ ಆಪರೇಷನ್.’ ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ ವಿಚಾರಿಸಿ. ಇಷ್ಟು ಮಾಡುವವರು ತುಂಬಾ ಕಡಿಮೆ. ಅದಕ್ಕೇ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಅವರ ನಂಬಿಕೆಯ ಬಗ್ಗೆಯೂ ಕೇಳಿ, ತಪ್ಪು ಹುಡುಕಲು ಅಲ್ಲ, ತಿಳಿದುಕೊಳ್ಳಲು. ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ದೇವರ ಬಗ್ಗೆ ಏನು ಹೇಳಿಕೊಟ್ಟರು, ಕಷ್ಟದಲ್ಲಿ ಯಾವುದು ಕೈ ಹಿಡಿಯಿತು ಅಂತ ಕೇಳಿದರೆ ಜನ ಸಂತೋಷದಿಂದ ಹೇಳುತ್ತಾರೆ. ಅವರು ಪೂಜಿಸುವುದನ್ನು ಹಗುರವಾಗಿ ಮಾತಾಡಿದ ಕ್ಷಣಕ್ಕೆ ಬಾಗಿಲು ಮುಚ್ಚಿತು ಅಂತಲೇ ತಿಳಿಯಿರಿ. ಮುಚ್ಚಬೇಕಾದದ್ದೇ.

ಹೆಜ್ಜೆ 5: ನಿಮ್ಮ ಸಾಕ್ಷಿಯನ್ನು ಮೂರು ನಿಮಿಷಕ್ಕೆ ಇಳಿಸಿ

ಅಪೊಸ್ತಲರ ಕೃತ್ಯಗಳು 26ರಲ್ಲಿ ಪೌಲ ಅಗ್ರಿಪ್ಪ ರಾಜನ ಮುಂದೆ ಮಾತಾಡುವುದನ್ನು ಗಮನಿಸಿ. ಮೊದಲು ನಾನು ಹೀಗಿದ್ದೆ, ದಾರಿಯಲ್ಲಿ ಹೀಗಾಯಿತು, ಅಲ್ಲಿಂದ ಹೀಗೆ ಬದುಕುತ್ತಿದ್ದೇನೆ. ಮೂರೇ ಭಾಗ. ನೀವೂ ಒಂದೊಂದು ಭಾಗಕ್ಕೆ ನಾಲ್ಕೈದು ಸಾಲು ಬರೆಯಿರಿ. ಹುಟ್ಟಿನಿಂದಲೇ ಸಭೆಯಲ್ಲಿ ಬೆಳೆದವರಾದರೆ ‘ಮೊದಲು ಕೆಟ್ಟವನಾಗಿದ್ದೆ’ ಅಂತ ಕಥೆ ಕಟ್ಟಬೇಡಿ. ಯಾವಾಗ ಈ ನಂಬಿಕೆ ಅಪ್ಪ ಅಮ್ಮನದ್ದಾಗಿರದೆ ನಿಮ್ಮದಾಯಿತು ಅನ್ನುವುದನ್ನು ಹೇಳಿ. ಇನ್ನೂ ಬಗೆಹರಿಯದ ವಿಷಯ ಇದ್ದರೆ ಅದನ್ನೂ ಬಿಡಬೇಡಿ.

ಬರೆದದ್ದನ್ನು ಈಗ ಜರಡಿ ಹಿಡಿಯಿರಿ. ನಮಗೆ ನಮ್ಮದೇ ಒಂದು ಭಾಷೆ ಇದೆ, ನಮಗದು ಗೊತ್ತೇ ಆಗುವುದಿಲ್ಲ. ಎಲ್ಲರೂ ‘ಜೀವನ’ ಅಂದರೆ ನಾವು ‘ಜೀವಿತ’ ಅನ್ನುತ್ತೇವೆ. ‘ರಕ್ಷಣೆ ಹೊಂದಿದೆ’ ಅಂದರೆ ಹೊರಗಿನವರಿಗೆ ಯಾವುದೋ ಅಪಘಾತದಿಂದ ಪಾರಾದ ಹಾಗೆ ಕೇಳುತ್ತದೆ. ‘ರಕ್ತದಿಂದ ತೊಳೆಯಲ್ಪಟ್ಟೆ’ ಅಂದರೆ ಅವರು ಹೆದರುತ್ತಾರೆ. ‘ಕರ್ತನು ನನ್ನ ಸಂಗಡ ಮಾತಾಡಿದನು’ ಅಂದರೆ ಕಿವಿಯಲ್ಲಿ ಧ್ವನಿ ಕೇಳಿತಾ ಅಂತ ಕೇಳುತ್ತಾರೆ. ಅದೇ ಮಾತನ್ನು “ದೇವರು ನನ್ನನ್ನು ಕ್ಷಮಿಸಿದ್ದಾನೆ ಅಂತ ಮೊದಲ ಸಲ ನನಗೆ ನಂಬಿಕೆ ಬಂತು”, “ಬೈಬಲ್ ಓದುವಾಗ ಒಂದು ಸಾಲು ನನಗೇ ಬರೆದ ಹಾಗಿತ್ತು” ಅಂತ ಹೇಳಬಹುದು. ಜೊತೆಗಾರನ ಮುಂದೆ ಗಟ್ಟಿಯಾಗಿ ಓದಿ, ಒಂದೊಂದು ಸಭೆಯ ಪದ ಬಂದಾಗಲೂ ಅವನು ಮೇಜು ತಟ್ಟಲಿ. ಮೊದಲ ಸಲ ತಬಲಾ ಕಚೇರಿಯೇ ಆಗುತ್ತದೆ.

ಹೆಜ್ಜೆ 6: ಬಾಗಿಲು ತೆರೆದಾಗ ಮಾತಾಡಿ, ತುಸು ಮಾತ್ರ

ಬಾಗಿಲು ನೀವು ಕಾಯುವ ಕಡೆ ತೆರೆಯುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ, ಕೆಲಸ ಹೋದ ವಾರದಲ್ಲಿ, ಮಗು ಹುಟ್ಟಿದ ಖುಷಿಯಲ್ಲಿ ತೆರೆಯುತ್ತದೆ. ಉದಾಹರಣೆಗೆ ಗೆಳತಿ ಹೀಗೆ ಕೇಳುತ್ತಾಳೆ ಅಂದುಕೊಳ್ಳಿ:

“ಅಮ್ಮ ಆಸ್ಪತ್ರೆ ಸೇರಿದಾಗಿಂದ ನಿದ್ದೆನೇ ಇಲ್ಲ. ನೀನು ಹೇಗೆ ಇಷ್ಟು ಆರಾಮಾಗಿರ್ತೀಯ?”

ತಕ್ಷಣ ಬಾಯಿಗೆ ಬರುವ ಉತ್ತರ: “ಯೇಸು ನಂಗೆ ಸಮಾಧಾನ ಕೊಟ್ಟಿದ್ದಾನೆ, ನೀನೂ ನಂಬು.” ಇದರಲ್ಲಿ ಸುಳ್ಳಿಲ್ಲ, ಆದರೆ ಅವಳ ಅಮ್ಮ ಎಲ್ಲಿ ಹೋದರು? ಹೀಗೆ ಹೇಳಿ ನೋಡಿ:

“ಆರಾಮಾಗೇನೂ ಇಲ್ಲ ಕಣೇ. ಅಪ್ಪ ಬಿದ್ದಾಗ ನಂಗೂ ನಿದ್ದೆ ಇರ್ಲಿಲ್ಲ. ರಾತ್ರಿ ಎದ್ದು ಕೂತು ಪ್ರಾರ್ಥನೆ ಮಾಡ್ತಿದ್ದೆ. ದೇವರು ಕೈ ಬಿಟ್ಟಿಲ್ಲ ಅನ್ನೋ ಧೈರ್ಯ ಅಲ್ಲಿ ಸಿಕ್ತು. ಇನ್ನೊಂದ್ಸಲ ಬೇಕಿದ್ರೆ ಎಲ್ಲ ಹೇಳ್ತೀನಿ. ಈಗ ಅಮ್ಮನ ವಿಷಯ ಹೇಳು, ಡಾಕ್ಟರ್ ಏನಂದ್ರು?”

ಯೇಸುವಿನ ಕಡೆಗೆ ಒಂದು ಕಿಟಕಿ ತೆರೆದಿರಿ, ಮಾತನ್ನು ಅವಳಿಗೇ ವಾಪಸ್ ಕೊಟ್ಟಿರಿ. ಬೇಕಿದ್ದರೆ ಅವಳೇ ಮತ್ತೆ ಕೇಳುತ್ತಾಳೆ. ಪೇತ್ರ ಬರೆದದ್ದೂ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಅಂತ, ಅದನ್ನೂ ಸಾತ್ವಿಕತೆಯಿಂದ, ಗೌರವದಿಂದ (1 ಪೇತ್ರ 3:15). ಅವಳೇ ಕೇಳಿದಾಗ ಬರೀ ಸುಳಿವು ಕೊಟ್ಟು ನಿಲ್ಲಿಸಬೇಡಿ. ಆಗ ಶಿಲುಬೆಯ ವಿಷಯ, ಪುನರುತ್ಥಾನದ ವಿಷಯ ನೇರವಾಗಿ ಹೇಳಿ. ‘ಬದುಕಿನಿಂದಲೇ ತೋರಿಸ್ತೀನಿ, ಮಾತು ಬೇಡ’ ಅನ್ನುವವರು ಒಂದು ವಿಷಯ ಮರೆಯುತ್ತಾರೆ. ನಿಮ್ಮ ಒಳ್ಳೆಯತನ ನೋಡಿ ಜನ ನಿಮ್ಮನ್ನು ಹೊಗಳಬಹುದು, ಯೇಸು ಯಾರು ಅಂತ ಅದರಿಂದ ತಿಳಿಯುವುದಿಲ್ಲ.

“ನಿನಗೋಸ್ಕರ ಪ್ರಾರ್ಥನೆ ಮಾಡ್ಲಾ?” ಅಂತ ಕೇಳಬಹುದು. ಬೇಡ ಅಂದರೆ ಬೇಡ. ಹ್ಞೂಂ ಅಂದರೆ ಅಲ್ಲೇ, ಮಾಮೂಲಿ ದನಿಯಲ್ಲಿ, ನಾಲ್ಕು ವಾಕ್ಯ. ತಲೆ ಮೇಲೆ ಕೈ ಇಡಬೇಡಿ, ಕೂಗಬೇಡಿ. ಪ್ರಾರ್ಥನೆಯೊಳಗೇ ಪ್ರಸಂಗ ತುರುಕಬೇಡಿ.

ಎಚ್ಚರ: ‘ನಂಬಿದರೆ ಖಂಡಿತ ವಾಸಿಯಾಗುತ್ತದೆ’ ಅಂತ ಮಾತು ಕೊಡಬೇಡಿ. ಔಷಧಿ ನಿಲ್ಲಿಸಿ ಅಂತ ಯಾರಿಗೂ, ಯಾವತ್ತೂ ಹೇಳಬೇಡಿ. ದುಃಖದಲ್ಲಿ ಕುಸಿದು ಕೂತವರಿಂದ ಅದೇ ಗಳಿಗೆಯಲ್ಲಿ ನಿರ್ಧಾರ ಕೇಳಬೇಡಿ. ಅವರು ಚೇತರಿಸಿಕೊಂಡು ತಣ್ಣಗೆ ಯೋಚಿಸುವ ಹಾಗಾಗಲಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ? “ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ” ಅನ್ನಿ. ನಜರೇತಿನಿಂದ ಒಳ್ಳೆಯದೇನಾದರೂ ಬಂದೀತಾ ಅಂತ ನತಾನಯೇಲ ಮೂಗು ಮುರಿದಾಗ ಫಿಲಿಪ್ಪ ವಾದಕ್ಕಿಳಿಯಲಿಲ್ಲ. ಬಂದು ನೋಡು ಅಂದ, ಅಷ್ಟೇ.

ಹೆಜ್ಜೆ 7: ನಿಮ್ಮ ಗೆಳೆಯರನ್ನು ನಿಮ್ಮ ಗೆಳೆಯರಿಗೆ ಪರಿಚಯಿಸಿ

ಸಭೆಗೆ ಕರೆಯುವ ಮೊದಲು ಸಭೆಯ ಇಬ್ಬರು ಮೂವರನ್ನು ಅವರಿಗೆ ಪರಿಚಯ ಮಾಡಿಸಿ. ಲೇವಿ ಮಾಡಿದ್ದು ಇದನ್ನೇ. ಮನೆಯಲ್ಲಿ ಊಟ, ಇಲ್ಲವೇ ಒಟ್ಟಿಗೆ ಆಟ. ಇಬ್ಬರು ಸಭೆಯವರು, ಮೂವರು ಹೊರಗಿನವರು, ಇಷ್ಟು ಅಳತೆ ಇರಲಿ. ಸಭೆಯವರೇ ಜಾಸ್ತಿಯಾದರೆ ಅರ್ಧ ಗಂಟೆಯಲ್ಲಿ ಮಾತು ಕಾಯರ್ ಪ್ರಾಕ್ಟೀಸಿಗೆ ತಿರುಗುತ್ತದೆ, ಬಂದವರು ಗೋಡೆ ನೋಡುತ್ತಾ ಕೂರುತ್ತಾರೆ. ಬರುವ ಸಭೆಯವರಿಗೆ ಮೊದಲೇ ಹೇಳಿ: ಇವತ್ತು ಪ್ರಸಂಗ ಇಲ್ಲ. ಕರೆಯುವಾಗ ಊಟ ಅಂದಿದ್ದರೆ ಊಟವೇ ಇರಬೇಕು. ಊಟ ಮುಗಿದ ಮೇಲೆ ಒಬ್ಬರು ಎದ್ದು ನಿಂತು ಸಂದೇಶ ಶುರು ಮಾಡಿದರೆ ಅದಕ್ಕೆ ಮೋಸ ಅನ್ನದೆ ಬೇರೆ ಹೆಸರಿಲ್ಲ.

ಹೆಜ್ಜೆ 8: ಕರೆಯಿರಿ

ಸ್ಪಷ್ಟವಾಗಿ, ಒಮ್ಮೆ. “ಬರೋ ಭಾನುವಾರ ನಮ್ಮ ಆರಾಧನೆಗೆ ಬರ್ತೀರಾ? ಒಂದೂವರೆ ಗಂಟೆ ಇರುತ್ತೆ. ಹಾಡು, ಪ್ರಾರ್ಥನೆ, ಬೈಬಲ್ ಬಗ್ಗೆ ಮಾತು. ಇಷ್ಟ ಇಲ್ಲದಿದ್ರೆ ಖಂಡಿತ ಬೇಜಾರಿಲ್ಲ.” ಸುಮ್ಮನೆ ‘ಒಂದು ಕಾರ್ಯಕ್ರಮ ಇದೆ, ಬನ್ನಿ’ ಅಂತ ಮುಚ್ಚಿಟ್ಟು ಕರೆಯಬೇಡಿ. ನಿಮ್ಮ ಸಭೆಯ ಆರಾಧನೆ ಮೂರು ಗಂಟೆ ನಡೆಯುವುದಾದರೆ ಮೂರು ಗಂಟೆ ಅಂತಲೇ ಹೇಳಿ, ನಡುವೆ ಎದ್ದು ಹೋಗಬಹುದು ಅಂತಲೂ ಹೇಳಿ.

ಭಾನುವಾರದ ಆರಾಧನೆಯೇ ಮೊದಲ ಮೆಟ್ಟಿಲಾಗಬೇಕು ಅಂತೇನಿಲ್ಲ. ಸೆಲ್ ಗ್ರೂಪ್, ಅಂದರೆ ಎಂಟು ಹತ್ತು ಜನ ಮನೆಯಲ್ಲಿ ಸೇರಿ ಬೈಬಲ್ ಓದುವ ಚಿಕ್ಕ ಕೂಟ, ಕೆಲವರಿಗೆ ಸುಲಭ. ಇನ್ನು ಕೆಲವರಿಗೆ ನಿಮ್ಮಿಬ್ಬರೇ ಕೂತು ಮಾರ್ಕನ ಸುವಾರ್ತೆ ಓದುವುದು ಇಷ್ಟವಾಗಬಹುದು. ಯೇಸುವಿನ ಬದುಕಿನ ಕಥೆ ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಿಗೂ ಸುವಾರ್ತೆ ಅಂತಲೇ ಹೆಸರು. ಅವುಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ವಾರಕ್ಕೊಂದು ಅಧ್ಯಾಯ ಓದಿ, ಏನು ಅರ್ಥವಾಯಿತು, ಏನು ವಿಚಿತ್ರ ಅನಿಸಿತು ಅಂತ ಮಾತಾಡಿದರೆ ನಾಲ್ಕು ತಿಂಗಳಾಗುತ್ತದೆ.

ಎಚ್ಚರ: ಕೆಲಸ, ಹಣ, ಶಾಲೆಯ ಸೀಟು, ಮದುವೆ, ಇವು ಯಾವುದೂ ಆಹ್ವಾನದ ಜೊತೆ ಬರಬಾರದು. ಕಷ್ಟದಲ್ಲಿರುವವರಿಗೆ ಸಹಾಯ ಮಾಡಲೇಬೇಕು, ಆದರೆ ಸಭೆಗೆ ಬಂದರೂ ಬರದಿದ್ದರೂ ಅಷ್ಟೇ ಸಹಾಯ. ಹದಿನೆಂಟು ತುಂಬದ ಮಕ್ಕಳನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಕರೆಯಬೇಡಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಕರೆಯುವಾಗ ಹತ್ತು ಸಲ ಯೋಚಿಸಿ, ಅವರಿಗೆ ‘ಇಲ್ಲ’ ಅನ್ನುವುದು ಸುಲಭವಲ್ಲ. ಧರ್ಮದ ವಿಚಾರದಲ್ಲಿ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತ ಸಭೆಯ ಹಿರಿಯರು ಓದಿ ತಿಳಿದಿರಲಿ.

ಹೆಜ್ಜೆ 9: ಬಾಗಿಲಿನಿಂದ ಕುರ್ಚಿಯವರೆಗೆ

ಒಂದು ವರ್ಷ ಕಟ್ಟಿದ್ದು ಹತ್ತು ನಿಮಿಷದಲ್ಲಿ ಬೀಳುವ ಜಾಗ ಇದು. ಬಂದವರ ಕಣ್ಣಿನಿಂದ ನೋಡಿ. ಚಪ್ಪಲಿ ಬಿಡಬೇಕಾ, ಹಾಕಿಕೊಂಡೇ ಹೋಗಬೇಕಾ ಗೊತ್ತಿಲ್ಲ. ಹಿಂದಿನ ಸಾಲು ತುಂಬಿದೆ, ಮುಂದೆ ಹೋಗಿ ಕೂರಲು ಮುಜುಗರ. ಎಲ್ಲರೂ ದಡಬಡ ಎದ್ದು ನಿಲ್ಲುತ್ತಾರೆ, ಯಾಕೆ? ಹಾಡಿನ ಪುಸ್ತಕದಲ್ಲಿ ಯಾವ ನಂಬರು ಅಂದದ್ದು ಕೇಳಿಸಲಿಲ್ಲ. ಕಾಣಿಕೆ ಚೀಲ ಎದುರಿಗೆ ಬಂದು ನಿಂತಿದೆ. ಜೇಬಿಗೆ ಕೈ ಹೋಗುತ್ತದೆ, ಬರೀ ಬಸ್ ಟಿಕೆಟ್ ಸಿಗುತ್ತದೆ.

ಅದಕ್ಕೇ ಕರೆದವರು ಗೇಟಿನ ಹತ್ತಿರವೇ ನಿಂತು ಕಾಯಬೇಕು. ಜೊತೆಯಲ್ಲೇ ಕೂರಬೇಕು. ಆ ದಿನ ನಿಮಗೆ ಹಾಡುವ, ಲೆಕ್ಕ ನೋಡುವ ಜವಾಬ್ದಾರಿ ಬೇಡ. “ಕಾಣಿಕೆ ಹಾಕಬೇಕು ಅಂತಿಲ್ಲ, ಚೀಲ ಮುಂದಕ್ಕೆ ಕೊಡಿ ಸಾಕು” ಅಂತ ಮೊದಲೇ ಪಿಸುಗುಟ್ಟಿ. ಕರ್ತನ ಭೋಜನ, ಅಂದರೆ ಯೇಸುವಿನ ಮರಣವನ್ನು ನೆನೆದು ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಆಚರಣೆ, ಆ ದಿನ ಇದ್ದರೆ ಅದು ಏನು, ಅವರು ಕೂತೇ ಇರಬಹುದು ಅಂತ ಮನೆಯಿಂದ ಹೊರಡುವ ಮುಂಚೆಯೇ ತಿಳಿಸಿ.

ಸಭೆಯ ನಾಯಕರಿಗೆ ಮೂರು ಕೋರಿಕೆ. ಹೊಸಬರು ಎದ್ದು ನಿಲ್ಲಿ ಅನ್ನಬೇಡಿ. ಅವರ ಫೋಟೋ ತೆಗೆದು ಎಲ್ಲಿಗೂ ಹಾಕಬೇಡಿ. ಇದರಿಂದ ಕೆಲವರ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಬಹುದು. ಪ್ರಸಂಗದಲ್ಲಿ ಬೇರೆ ಧರ್ಮದವರನ್ನು ಹೀಯಾಳಿಸಬೇಡಿ. ಹೀಯಾಳಿಸಿದರೆ ಬಂದವರಿಗೆ ನೋವು, ಕರೆತಂದವರಿಗೆ ನಾಚಿಕೆ. ಕೊರಿಂಥದ ಸಭೆಗೆ ಪೌಲ ಕೇಳಿದ ಪ್ರಶ್ನೆಯೂ ಈ ಜಾತಿಯದ್ದೇ: ನೀವೆಲ್ಲ ಅರ್ಥವಾಗದ ಭಾಷೆಗಳಲ್ಲಿ ಮಾತಾಡುತ್ತಿರುವಾಗ ಹೊರಗಿನವರು ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ (1 ಕೊರಿಂಥ 14:23)? ಇನ್ನು ಕೂರಿಸುವ ವಿಷಯ. ಚಿನ್ನದ ಉಂಗುರದವನಿಗೆ ಒಳ್ಳೆ ಜಾಗ, ಬಡವನಿಗೆ ನಿಂತುಕೋ ಅನ್ನುವ ಸಭೆಯನ್ನು ಯಾಕೋಬ ತನ್ನ ಪತ್ರದ 2ನೇ ಅಧ್ಯಾಯದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ನಮ್ಮಲ್ಲಿ ಉಂಗುರದ ಬದಲು ಕಾರಿನ ಕೀ ಇರುತ್ತದೆ, ಅಷ್ಟೇ ವ್ಯತ್ಯಾಸ.

ಆರಾಧನೆ ಮುಗಿದ ಮೇಲೆ ಏಳೆಂಟು ಜನ ಮುತ್ತಿಕೊಂಡು ನಂಬರ್ ಕೇಳುವುದೂ ತಪ್ಪು, ಯಾರೂ ಮಾತಾಡಿಸದೆ ಬಿಡುವುದೂ ತಪ್ಪು. ಹೆಜ್ಜೆ 7ರಲ್ಲಿ ಪರಿಚಯವಾದ ಇಬ್ಬರು ಬಂದು ಮಾತಾಡಿಸಿದರೆ ಸಾಕು. ಆ ಹೆಜ್ಜೆ ಇಲ್ಲಿ ಉಪಯೋಗಕ್ಕೆ ಬಂತು, ನೋಡಿ. ದಾರಿಯಲ್ಲಿ “ಹೇಗಿತ್ತು?” ಅಂತ ಕೇಳಿ. “ಬೋರಾಯ್ತು” ಅಂದರೆ ಅದನ್ನೂ ಕೇಳಿಸಿಕೊಳ್ಳಿ. ಯಾವ ಭಾಗ ಅಂತ ವಿಚಾರಿಸಿ, ಸಮರ್ಥನೆಗೆ ಇಳಿಯಬೇಡಿ.

ಹೆಜ್ಜೆ 10: ಬೇಡ ಅಂದರೆ, ಹೌದು ಅಂದರೆ

ಬೇಡ ಅಂದವರ ವಿಷಯ ಮೊದಲು, ಅವರೇ ಜಾಸ್ತಿ ಇರುತ್ತಾರೆ. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂದದ್ದನ್ನು ಕೇಳಿ ಐಶ್ವರ್ಯವಂತ ಯುವಕ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದಾಗ ಯೇಸು ಹಿಂದೆ ಓಡಲಿಲ್ಲ, ಷರತ್ತು ಸಡಿಲಿಸಲಿಲ್ಲ. ಆದರೆ ಮಾರ್ಕ ಒಂದು ಸಾಲು ಬರೆದಿಟ್ಟಿದ್ದಾನೆ: ಯೇಸು ಅವನನ್ನು ನೋಡಿ ಪ್ರೀತಿಸಿದ (10:21). ನೀವು ಮಾಡಬೇಕಾದದ್ದು ಸರಳ. ಬೇಡ ಅಂದ ವಾರದಲ್ಲೇ, ಸಭೆಗೆ ಸಂಬಂಧವೇ ಇಲ್ಲದ ವಿಷಯಕ್ಕೆ ಅವರನ್ನು ಭೇಟಿ ಮಾಡಿ. ಮುಂದಿನ ವಾರವೂ ಮಾಡಿ. ಮತ್ತೆ ಕರೆಯುವುದು ಯಾವಾಗ? ಅವರೇ ವಿಷಯ ಎತ್ತಿದಾಗ. ‘ಇನ್ನು ಈ ಮಾತು ಬೇಡ’ ಅಂತ ನೇರವಾಗಿ ಹೇಳಿದ್ದರೆ ಆ ಮಾತಿಗೆ ಬೆಲೆ ಕೊಡಿ.

ಹೌದು ಅಂದವರ ವಿಷಯದಲ್ಲಿ ಸಭೆಗಳು ಅವಸರ ಮಾಡುತ್ತವೆ. ಮುಂದಿನ ತಿಂಗಳೇ ದೀಕ್ಷಾಸ್ನಾನ, ಅಂದರೆ ನಂಬಿಕೆಯನ್ನು ಎಲ್ಲರ ಮುಂದೆ ತೋರಿಸುವ ನೀರಿನ ಸಂಸ್ಕಾರ, ಅದರ ಮುಂದಿನ ತಿಂಗಳು ವೇದಿಕೆ ಮೇಲೆ ಸಾಕ್ಷಿ! ತಡೆಯಿರಿ. ಶಿಷ್ಯನಾಗುವುದಕ್ಕೆ ಏನು ತೆರಬೇಕಾಗುತ್ತದೆ ಅಂತ ಮೊದಲು ಲೆಕ್ಕ ಹಾಕು ಅಂತ ಯೇಸುವೇ ಹೇಳಿದ್ದಾನೆ (ಲೂಕ 14:28). ಮನೆಯವರಿಗೆ ಹೇಗೆ ಹೇಳುವುದು, ಯಾವಾಗ ಹೇಳುವುದು ಅಂತ ಅವರ ಜೊತೆ ಕೂತು ಮಾತಾಡಿ. ಕಲಿಸುವ ಕೆಲಸ ಪಾಸ್ಟರ್‌ಗೆ ಬಿಟ್ಟು ನೀವು ಕೈ ತೊಳೆದುಕೊಳ್ಳಬೇಡಿ, ಅವರಿಗೆ ಗೊತ್ತಿರುವುದು ನೀವು.

ಇನ್ನೊಂದು ಮುಖ್ಯ ವಿಷಯ: ಅವರನ್ನು ಅವರ ಬಳಗದಿಂದ ಕಿತ್ತು ತರಬೇಡಿ. ಹಳೆಯ ಗೆಳೆಯರು, ಅಣ್ಣತಮ್ಮಂದಿರು, ಮನೆಯ ಸಮಾರಂಭಗಳು, ಮನಸ್ಸಾಕ್ಷಿ ಒಪ್ಪುವಷ್ಟರ ಮಟ್ಟಿಗೆ ಎಲ್ಲ ಹಾಗೇ ಇರಲಿ. ವಾರದ ಐದು ಸಂಜೆಯೂ ಸಭೆಯಲ್ಲೇ ಕಳೆಯುವಂತೆ ಮಾಡಿದರೆ ಆರು ತಿಂಗಳಲ್ಲಿ ಅವರಿಗೂ ಹೊರಗೆ ಗೆಳೆಯರೇ ಇರುವುದಿಲ್ಲ. ಗುರುವಾರ ಸಂಜೆ ಅವರು ಹಳೆಯ ಗೆಳೆಯರ ಜೊತೆ ಆಟಕ್ಕೆ ಹೋಗುತ್ತಿದ್ದರಾ? ಹಾಗಾದರೆ ಗುರುವಾರದ ಅಧ್ಯಯನಕ್ಕೆ ಬರದೇ ಇದ್ದರೂ ಪರವಾಗಿಲ್ಲ ಅಂತ ಹೇಳಿ. ಅವರು ಕರೆದರೆ ನೀವೂ ಆಟಕ್ಕೆ ಹೋಗಿ.